ಒಂದು ಪದರು ಹೆಚ್ಚು

ನವೆಂಬರ್ 12, ಬುಧವಾರ. ಜಹೀರಾಬಾದ್.

ಸಾಯಪ್ಪನ ಮುಖ ಕಣ್ಣಿಂದ ಹೋಗವಲ್ದು. ನಮ್ಮ ಕಾರ್ಖಾನೆಯಾಗ ಪ್ರದರ್ಶನಕ್ಕಂತ ಮಾಡೂ ಸ್ಪೋರ್ಟ್ಸ್ ಕಾರಿನ ಬಾಗಿಲು ಇವತ್ತು ಮುನ್ನೂರು ಗ್ರಾಂ ಹೆಚ್ಚು ತೂಗಿತು. ಟ್ರ್ಯಾಕ್ಟರ್ ಬಾನೆಟ್ ಮಾಡಿ ಪಳಗಿದ ಮುದುಕ, ಬಾಗಿಲು ತೆಳ್ಳಗಾತಂತ ಉಕ್ಕಿನ ಬದಲು ಹಾಕೂ ಕಾರ್ಬನ್ ಬಟ್ಟೆಯ ಪದರು ತಾನೇ ಒಂದು ಹೆಚ್ಚು ಹಾಕಿದ್ದ.

"ಜೋರಾಗಿ ಓಡಲಿ ಅಂತ ತೆಳ್ಳಗ ಮಾಡಿದ್ದು, ತಿಳೀಲಿಲ್ಲೇನು? ನಾಳೆಯಿಂದ ಬರಬ್ಯಾಡ" ಅಂದ ಇಂಜಿನಿಯರ್.

"ಒಳಗ ಕೂಡಾಂವ ಮನಶಾನೇ ಅಲ್ಲೇನ್ರಿ ಸಾಬ್?" ಅಂದ ಸಾಯಪ್ಪ.

ಯೂನಿಯನ್ನಿನ ಜೋಡಿ ಗೇಟಿನ ಮುಂದ ಇಪ್ಪತ್ತು ವರ್ಷ ಘೋಷಣೆ ಕೂಗಿದ ನಾನು, ತಲಿ ಬಗ್ಗಿಸಿ ನನ್ನ ಕೆಲಸ ಮಾಡ್ಕೊಂತ ನಿಂತೆ. ಇಂಜಿನಿಯರನ ಲೆಕ್ಕ ಖರೆ, ಈ ಕಾರ್ಬನ್ ತೆಳ್ಳಗಿದ್ರೂ ಉಕ್ಕಿನಷ್ಟು ಗಟ್ಟಿ ಐತಿ. ಆದ್ರ ಅದನ್ನ ಸಾಯಪ್ಪಗ ಒಬ್ಬರೂ ಕೂಡಿಸಿ ಹೇಳಿರಲಿಲ್ಲ. ಅವರು ಹೇಳದ ತಪ್ಪಿಗೆ ಇವನ ಕೆಲಸ ಹೋತು.

ಪದರು ಉಜ್ಜಿ ತೆಗೆಯೂ ಕೆಲಸ ನಾಳೆ ನನಗೇ ಹಚ್ಚ್ಯಾರ. ಸಾಯಪ್ಪ ಮತ್ತ ಕೆಲಸಕ್ಕ ಬರೂತನಕ ಆ ಬಾಗಿಲಿಗೆ ಕೈ ಹಚ್ಚೂದಿಲ್ಲ. ಗೇಟಿನ ಮುಂದ ಕೂಗಿ ಕೂಗಿ ಸಾಕಾಗೇತಿ, ಖರೆ, ಆದ್ರೂ...