ರಾಜಧಾನಿ ಕೊಂಡೊಯ್ದ ಅಳಿಯ

ಕೊಡುಂಗಲ್ಲೂರು
ಧನು ಮಾಸದ ಎರಡನೆಯ ಭಾನುವಾರ

ಪ್ರೀತಿಯ ಚೇರಲಾದನ್,

ಪೂರ್ತಿ ಹೆಸರು ಬರೆದದ್ದು ಕೋಪದಿಂದಲ್ಲ. ಇಷ್ಟು ದಿನದ ಮೇಲೆ ಕಾಗದದಲ್ಲಿ ನಿನ್ನನ್ನು ಏನೆಂದು ಕರೆಯಬೇಕೆಂದು ಯೋಚಿಸುತ್ತಾ ಕೂತು ಚಹಾ ಆರಿಹೋಯಿತು. ಫೋನಿನಲ್ಲಿ ಈ ಕಷ್ಟವಿಲ್ಲ. ಅಲ್ಲಿ ಹಲೋ ಅಂದರೆ ಸಾಕು. ಆಮೇಲೆ ವಿಮೆಯ ಕಂತು, ಇನ್ನೂ ಈ ವಿಳಾಸಕ್ಕೇ ಬರುವ ನಿನ್ನ ಬ್ಯಾಂಕಿನ ಲಕೋಟೆಗಳು, ಅಮ್ಮನ ಮಂಡಿನೋವು. ಈಗ ಹೇಳಬೇಕಾದದ್ದು ಆ ಸಾಲಿನಲ್ಲಿ ಕೂರುವುದಿಲ್ಲ.

ಮೊದಲು ನನಗೆ ಒಪ್ಪಿಸಿದ ಕೆಲಸ ಮುಗಿಸುತ್ತೇನೆ. ನನ್ನ ಸೋದರಮಾವ, ಅಂದರೆ ಆರು ವರ್ಷದಿಂದ ನಿನ್ನೊಡನೆ ಮಾತು ಬಿಟ್ಟಿರುವ ಶಂಕುಣ್ಣಿ ಅಮ್ಮಾವ, ನಮ್ಮೂರ ಪುಸ್ತಕಾಲಯವಾದ ವಾಯನಶಾಲೆಯ ಅಧ್ಯಕ್ಷರ ನೆಲೆಯಲ್ಲಿ ನಿನ್ನನ್ನು ವಾರ್ಷಿಕೋತ್ಸವಕ್ಕೆ ಕರೆಯುತ್ತಿದ್ದಾರೆ. ಮಕರ ಮಾಸದ ಮೊದಲ ಭಾನುವಾರ, ಸಂಜೆ. ವಿಷಯ ಹಳೆಯದೇ: ಚೇರ ರಾಜರ ರಾಜಧಾನಿಯಾದ ವಂಜಿ ಎಲ್ಲಿತ್ತು, ನಮ್ಮ ಕೊಡುಂಗಲ್ಲೂರಿನಲ್ಲೋ, ನಿಮ್ಮ ಕರೂರಿನಲ್ಲೋ. ಭಾಷಣಕಾರನೂ ಹಳಬನೇ. ಬಸ್ಸಿನ ಖರ್ಚು ವಾಯನಶಾಲೆಯದು. ಊಟ ನಮ್ಮ ಮನೆಯಲ್ಲಿ. ಈ ಕೊನೆಯ ವಾಕ್ಯವನ್ನು ಅಮ್ಮಾವ ಎರಡು ಸಲ ಹೇಳಿ ಬರೆಸಿದರು.

ಇಲ್ಲಿಗೆ ಆಹ್ವಾನಪತ್ರ ಮುಗಿಯಿತು. ಉಳಿದದ್ದು ನನ್ನದು.

ಆರು ವರ್ಷದ ಹಿಂದೆ ನೀನು ಅಲ್ಲಿ ಭಾಷಣ ಮಾಡಿದ ಆ ಸಂಜೆಯನ್ನು ನಾನು ಈಚೆಗೆ ಮತ್ತೆ ಮತ್ತೆ ನೆನೆಯುತ್ತೇನೆ. ನೀನು ಇಲ್ಲಿಗೆ ಬಂದು ಆಗ ಒಂಬತ್ತು ವರ್ಷವಾಗಿತ್ತು. ಕೊಚ್ಚಿಯ ಕಾಲೇಜಿನಲ್ಲಿ ಪಾಠ, ರಜೆಯಲ್ಲಿ ಹಳೆಯ ನಾಣ್ಯಗಳ ಲೋಕ, ರಾತ್ರಿ ಅಮ್ಮನ ಮೀನುಸಾರು. ಮೊದಲ ಬಾರಿ ನಿನ್ನ ಹೆಸರು ಕೇಳಿದಾಗ ಅಮ್ಮ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, "ನಮ್ಮ ಮಾತಲ್ಲಿ ಚೇರ ಅಂದ್ರೆ ಕೇರೆಹಾವಲ್ವಾ ಮೋಳೇ? ಹೆತ್ತ ಮಗನಿಗೆ ಯಾರಾದ್ರೂ ಕೇರೆಹಾವು ಅಂತ ಹೆಸರಿಡ್ತಾರಾ?" ಎಂದಿದ್ದಳು. ಚೇರರ ನಾಡು ನಮ್ಮದು ಎಂದು ಎದೆಯುಬ್ಬಿಸುವ ನಮ್ಮಲ್ಲಿ ಒಂದು ಮಗುವಿಗೂ ಆ ಹೆಸರಿಲ್ಲ. ನಿಮ್ಮೂರಿನ ಬಸ್ ನಿಲ್ದಾಣದಲ್ಲಿ ಚೇರಾ ಎಂದು ಕೂಗಿದರೆ ಮೂವರು ತಿರುಗಿ ನೋಡುತ್ತಾರೆ.

ಅಂದು ಅಮ್ಮಾವ ಮೈಕಿನ ಮುಂದೆ ನಿಂತು ನಿನ್ನನ್ನು ಪರಿಚಯಿಸಿದ ಮಾತು ನೆನಪಿದೆಯಲ್ಲ. "ಇವ್ರು ಪಾಂಡಿಯಾಗಿ ನಮ್ಮೂರಿಗೆ ಬಂದ್ರು. ನನ್ನ ತಂಗಿ ಕೈ ಮೀನುಸಾರು ಉಂಡು ಉಂಡು ಈಗ ಮನುಷ್ಯರಾಗಿದ್ದಾರೆ. ವಂಜಿ ಎಲ್ಲಿತ್ತು ಅಂತ ಇವ್ರ ಬಾಯಿಂದಲೇ ಕೇಳಿ." ತಮಿಳರನ್ನು ಪಾಂಡಿ ಎನ್ನುವುದು ನಮ್ಮಲ್ಲಿ ಬೈಗುಳವೂ ಹೌದು, ಸಲಿಗೆಯೂ ಹೌದು, ಯಾವಾಗ ಯಾವುದು ಎಂದು ಹೇಳುವವರಿಗೇ ತಿಳಿದಿರುವುದಿಲ್ಲ. ಎಲ್ಲರೂ ನಕ್ಕರು. ನೀನೂ ನಕ್ಕೆ. ಆಮೇಲೆ ಎದ್ದು ನಿಂತು, ವಂಜಿ ಕರೂರೇ, ಅದರಲ್ಲಿ ಅನುಮಾನವೇ ಇಲ್ಲ ಎಂದೆ. ಅಮರಾವತಿ ನದಿಯ ಮರಳಿನಲ್ಲಿ ಸಿಗುವ, ಚೇರರ ಬಿಲ್ಲು ಬಾಣದ ಗುರುತಿನ ನಾಣ್ಯಗಳು, ಪುಗಳೂರಿನ ಗುಹೆಯ ಬರಹ, ಎಲ್ಲ ಹೇಳಿದೆ. ಚೇರ ರಾಜನ ಅರಮನೆ ಇತ್ತೆಂದು ನಾವು ನಂಬುವ ಚೇರಮಾನ್ ಹೊಲವನ್ನು ಅಗೆದವರಿಗೆ ಸಿಕ್ಕಿದ್ದು ಎಷ್ಟೋ ಶತಮಾನ ಈಚಿನ ಮಡಕೆ ಚೂರು ಎಂದೂ ಹೇಳಿದೆ. ಹೇಳಿ ಕೂತೆ. ಹಿಂದಿನ ಸಾಲಿನಿಂದ ಪೌಲೋಸ್ ಮಾಸ್ತರರು ಗಂಟಲು ಸರಿಮಾಡಿಕೊಂಡು, "ಶಂಕುಣ್ಣಿ, ಅಳಿಯನಿಗೆ ನೀವು ಬಿಡಿಗಾಸು ವರದಕ್ಷಿಣೆ ಕೊಟ್ಟಿರ್ಲಿಲ್ಲ ನೋಡಿ. ಅದಕ್ಕೇ ರಾಜಧಾನಿ ಕಟ್ಕೊಂಡು ಹೊರಟಿದ್ದಾನೆ. ಪಾಲಕ್ಕಾಡ್ ಬಸ್ಸಿಗೆ ಇನ್ನೂ ಹೊತ್ತಿದೆ, ಬೇಕಾದ್ರೆ ತಡೀರಿ" ಎಂದರು.

ಊರು ಅದನ್ನು ಇನ್ನೂ ಹೇಳಿಕೊಂಡು ನಗುತ್ತದೆ. ಮೀನಿನ ಅಂಗಡಿಯಲ್ಲಿ ತೂಕ ಕಡಿಮೆ ಬಂದರೆ, "ಮಿಕ್ಕದ್ದು ಕರೂರಿಗೆ ಹೋಯ್ತೇನೋ" ಅನ್ನುವವರಿದ್ದಾರೆ.

ನಾನು ಓದಿದ ಇಂಗ್ಲಿಷ್ ಶಾಲೆಯ ಪುಸ್ತಕದಲ್ಲಿ ಚೇರರಿಗೆ ಸಿಕ್ಕಿದ್ದು ಅರ್ಧ ಪುಟ, ಅದರಲ್ಲೂ ಕಾಲು ಭಾಗ ಕರಿಮೆಣಸಿಗೆ. ಹಾಗಾಗಿ ಸತ್ತು ಎರಡು ಸಾವಿರ ವರ್ಷವಾದ ರಾಜ ಎಲ್ಲಿ ಮಲಗುತ್ತಿದ್ದ ಎಂಬುದಕ್ಕೆ ಬದುಕಿರುವ ಇಬ್ಬರು ಮುಖ ತಿರುಗಿಸುವುದು ನನಗೆ ಹುಡುಗಾಟವಾಗಿಯೇ ಕಂಡಿತ್ತು. ಎರಡೂ ಕಡೆಯ ಬಿಸಿ ತಾಗದವಳು ನಾನು ಎಂದು ಒಳಗೊಳಗೇ ಹೆಮ್ಮೆಯೂ ಇತ್ತೇನೋ. ನೀನು ಕರೂರಿಗೆ ಹೋದ ಮೇಲೆ ಒಂದು ದಿನ ಅಮ್ಮಾವನನ್ನು ನೇರವಾಗಿ ಕೇಳಿದೆ: ಅವನು ಹೇಳಿದ್ದು ಸುಳ್ಳಾಗಿದ್ದರೆ ವಾದ ಮಾಡಿ, ಮಾತು ಯಾಕೆ ಬಿಟ್ಟಿರಿ? ಅವರು, "ನನ್ನಜ್ಜ ದೇವಸ್ಥಾನದ ಬೀದೀಲಿ ಕಾಲಿಡೋ ಹಾಗಿರ್ಲಿಲ್ಲ ಮೋಳೇ. ಹೊಲದ ಬದುವಿನ ಮೇಲೆ ಸುತ್ತು ಹಾಕ್ಕೊಂಡು ಪೇಟೆಗೆ ಹೋಗ್ಬೇಕಿತ್ತು. ಆದ್ರೂ ನಾವು ಚೇರಮಾನ್ ಊರಿನವರು ಅಂತ ಅವನು ಹೇಳ್ಕೊಂಡಾಗ, ಬೀದಿಗೆ ಬಿಡದವ್ರು ಕೂಡ ಅಲ್ಲ ಅನ್ಲಿಲ್ಲ. ನಿನ್ನ ಗಂಡ ಅಂದ" ಎಂದರು.

ಅದನ್ನು ನಿನಗೆ ಅಂದೇ ಹೇಳಬೇಕಿತ್ತೋ ಏನೋ. ಆದರೆ ನಿನ್ನ ಕಡೆಯದೂ ಒಂದಿದೆ, ಅದನ್ನು ಅಮ್ಮಾವನಿಗೆ ಹೇಳಲು ನನಗೆ ಇನ್ನಷ್ಟು ಕಾಲ ಹಿಡಿಯಿತು. ನಿನ್ನ ಬರಹದಲ್ಲಿ 'ಇರಬಹುದು' ಇಲ್ಲದ ಪುಟವನ್ನು ನಾನು ಕಂಡಿಲ್ಲ. ಮದುವೆಯಾದ ಹೊಸತರಲ್ಲಿ ನನ್ನ ಜೊತೆ ಸುಖವಾಗಿದ್ದೀಯಾ ಎಂದು ಕೇಳಿದರೆ, "ಈವರೆಗೆ ಸಿಕ್ಕ ಪುರಾವೆ ನೋಡಿದ್ರೆ, ಹೌದು" ಎಂದವನು ನೀನು. ಅಂಥವನು ಆ ಸಂಜೆ ಅನುಮಾನವೇ ಇಲ್ಲ ಅಂದದ್ದು ವಂಜಿಯ ಪ್ರಶ್ನೆಗೆ ಕೊಟ್ಟ ಉತ್ತರವಲ್ಲ. ಒಂಬತ್ತು ವರ್ಷ ಉಂಡ ಮೇಲೆ ಈಗಷ್ಟೇ ಮನುಷ್ಯನಾದೆ ಎಂದು ಮೈಕಿನಲ್ಲಿ ಕೇಳಿಸಿಕೊಂಡದ್ದಕ್ಕೆ ಕೊಟ್ಟದ್ದು. ನೇಯ್ಗೆಯ ಮಗ್ಗದಲ್ಲಿ ಸವೆದ ನಿನ್ನ ಅಪ್ಪ ಯಾವ ಆಸೆಯಿಂದ ನಿನಗೆ ರಾಜನ ಹೆಸರಿಟ್ಟರೋ, ಆ ಅಪ್ಪ ಆ ಹೊತ್ತು ನಿನ್ನೊಳಗೆ ಎದ್ದು ನಿಂತಿರಬೇಕು. ನಾನು ತಪ್ಪಾಗಿ ಓದಿದ್ದರೆ ತಿದ್ದು.

ಆ ಸಂಜೆಯ ಮೇಲೆ ನೀನು ಕರೂರಿನ ಕಾಲೇಜಿಗೆ ಒಂದು ವರ್ಷಕ್ಕೆಂದು ಹೋದವನು ಅಲ್ಲೇ ಉಳಿದೆ. ನನಗೆ ಇಲ್ಲಿ ಶಾಲೆ, ಅಮ್ಮ. ನಿನಗೆ ಅಲ್ಲಿ ನದಿ, ನಾಣ್ಯ. ನಾವು ಜಗಳವಾಡಲೇ ಇಲ್ಲ, ಅದೇ ಕೆಟ್ಟದ್ದಾಯಿತು. ಜಗಳವಾಡಿದ್ದರೆ ರಾಜಿಗೆ ಒಂದು ದಾರಿ ಇರುತ್ತಿತ್ತು.

ಈಗ ಕಳೆದ ತಿಂಗಳ ವಿಷಯ. ಅಮ್ಮಾವ ಪಳನಿಗೆ ಹರಕೆ ಇದೆ ಎಂದು ಹೊರಟರು. ಎಪ್ಪತ್ತೆಂಟರ ವಯಸ್ಸಿನಲ್ಲಿ ಬಸ್ಸು ಬದಲಿಸಿಕೊಂಡು ಹೋಗುವುದು ಬೇಡ ಎಂದು ಅಮ್ಮ ಅತ್ತಳು. ಮರುದಿನ ಪಂಚಾಮೃತದ ಡಬ್ಬಿ ಹಿಡಿದುಕೊಂಡು ಬಂದರು, ಆದರೆ ತಲೆ ಬೋಳಿಸಿರಲಿಲ್ಲ. ಹರಕೆ ಏನಾಯಿತು ಎಂದು ಅಮ್ಮ ಕೇಳಿದ್ದಕ್ಕೆ, "ಮುರುಗನ್ ಅರ್ಧ ಸಾಲ ಮನ್ನಾ ಮಾಡ್ದ" ಎಂದರು. ಮೂರು ದಿನದ ಮೇಲೆ ಅಂಗಳದಲ್ಲಿ ಕೂತು ನಿಧಾನವಾಗಿ ಬಾಯಿ ಬಿಟ್ಟರು: ಪಳನಿಗಿಂತ ಮುಂದೆ ಕರೂರಿಗೂ ಹೋಗಿದ್ದರು. ನಿನ್ನ ಬಾಗಿಲು ತಟ್ಟಿದ್ದರು.

ನೀನು ಇದನ್ನು ಫೋನಿನಲ್ಲಿ ಹೇಳಲಿಲ್ಲ. ನಾನೂ ಕೇಳಲಿಲ್ಲ. ಅವರು ಹೇಳಿದಂತೆಯೇ ಬರೆಯುತ್ತೇನೆ, ಉತ್ಪ್ರೇಕ್ಷೆ ಇದ್ದರೆ ನೀನೇ ಕಳೆದು ಓದಿಕೋ.

ಅಮರಾವತಿಯನ್ನು ನೋಡಿ ಅವರಿಗೆ ನಗು ಬಂತಂತೆ. "ಅದೊಂದು ನದಿಯಂತೆ. ನಮ್ಮ ಬಚ್ಚಲಲ್ಲಿ ಅದಕ್ಕಿಂತ ಹೆಚ್ಚು ನೀರು ಹರಿಯುತ್ತೆ. ಆ ಬಿಸಿಲಲ್ಲಿ ರಾಜ ಇರ್ಲಿ, ರಾಜನ ಕತ್ತೆ ಕೂಡ ನಿಲ್ಲಲ್ಲ." ನೀನು ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಪುಗಳೂರಿನ ಗುಡ್ಡಕ್ಕೆ ಕರೆದೊಯ್ದೆಯಂತೆ. ತೋಳು ಹಿಡಿದು ಹತ್ತಿಸಿದೆಯಂತೆ. ಜೈನ ಮುನಿಗಳಿಗೆಂದು ಬಂಡೆಯಲ್ಲಿ ಕೊರೆದ ಹಾಸಿಗೆಗಳ ಪಕ್ಕದಲ್ಲಿ ಆ ಅಕ್ಷರಗಳಿವೆಯಲ್ಲ, ಅವುಗಳ ಮೇಲೆ ಅವರು ಅಂಗೈ ಇಟ್ಟರಂತೆ. ರಾಜ, ಅವನ ಮಗ, ಅವನ ಮೊಮ್ಮಗ, ಮೂರು ಹೆಸರನ್ನೂ ನೀನು ಓದಿ ಹೇಳಿದೆಯಂತೆ. "ಇಲ್ಲಿಂದ ರಾಜ್ಯ ಆಳ್ದೆ ಅಂತ ಬರ್ದಿದೆಯಾ ಮೋನೇ?" ಎಂದು ಇವರು. "ಇಲ್ಲ ಮಾಮಾ. ಒಬ್ಬ ಮುನಿಗೆ ಮಲಗೋಕೆ ಜಾಗ ಮಾಡಿಕೊಟ್ಟ ಅಂತಿದೆ" ಎಂದು ನೀನು. "ಅಷ್ಟೇನಾ?" "ಅಷ್ಟೇ."

ಆಗ ಅಮ್ಮಾವ ಚಪ್ಪಲಿ ಬಿಟ್ಟು ಆ ಕಲ್ಲಿನ ಹಾಸಿಗೆಯ ಮೇಲೆ ಉದ್ದಕ್ಕೆ ಮಲಗಿಬಿಟ್ಟರಂತೆ. ತಣ್ಣಗಿತ್ತಂತೆ. ನೀನು ಪಕ್ಕದಲ್ಲಿ ಕೂತಿದ್ದೆಯಂತೆ. ಇಬ್ಬರ ನಡುವೆ ಕ್ಷಮೆ ಗಿಮೆ ಏನಾದರೂ ನಡೆಯಿತೇ ಎಂದು ಕೇಳಿದೆ. "ನಿದ್ದೆ ಬಂತು. ಅವನು ಎಬ್ಬಿಸ್ಲಿಲ್ಲ" ಎಂದರು. ನನಗೆ ಅದು ಸಾಕಾಯಿತು.

ಆಮೇಲೆ ನಿನ್ನ ಮನೆಯ ಊಟ. ತಾವು ತಿಳಿಸದೆ ಬಂದವರೆಂದೂ, ನೀನು ಅಂಗಡಿಗೆ ಹೋಗಲಿಲ್ಲವೆಂದೂ ಅಮ್ಮಾವ ಒತ್ತಿ ಹೇಳಿದರು. ಆದರೂ ತಟ್ಟೆಗೆ ಬಿದ್ದದ್ದು ಕೆಂಪಕ್ಕಿ ಅನ್ನ. "ನಮ್ಮ ಅಕ್ಕಿ ಮೋಳೇ, ಅದೇ ದಪ್ಪ ಕಾಳು. ಡಬ್ಬೀಲಿ ಅರ್ಧ ಖರ್ಚಾಗಿತ್ತು, ನಾನೇ ಮುಚ್ಚಳ ತೆಗೆದು ನೋಡ್ದೆ." ನಮ್ಮ ಮನೆಯಲ್ಲಿದ್ದಷ್ಟು ಕಾಲ ಆ ಅಕ್ಕಿಯನ್ನು ನೀನು ಕುದುರೆಯ ಮೇವು ಎಂದು ಕರೆದೆ. ಒಂದು ವಸ್ತು ಒಂದು ಕಡೆ ಸಿಕ್ಕಿತೆಂದು ಅದರಿಂದ ಏನನ್ನೂ ಸಾಧಿಸಬಾರದು ಎಂದು ನನಗೆ ಕಲಿಸಿದವನೂ ನೀನೇ. ರೋಮಿನ ನಾಣ್ಯ ಸಿಕ್ಕಿತೆಂದು ಕರೂರು ರೋಮ್ ಆಗುವುದಿಲ್ಲ; ಯಾರೋ ಏನನ್ನೋ ಕೊಂಡಿದ್ದರು, ಅಷ್ಟೇ. ಹಾಗಾಗಿ ನಾನು ಹೆಚ್ಚೇನೂ ಊಹಿಸುವುದಿಲ್ಲ. ಆದರೆ ಅರ್ಧ ಖರ್ಚಾಗಿತ್ತು ಎಂಬ ಮಾತನ್ನು ಈ ದಿನಗಳಲ್ಲಿ ಪಾಠ ಮಾಡುವಾಗ, ಬಟ್ಟೆ ಒಣಹಾಕುವಾಗ, ಸುಮ್ಮನೆ ನೆನೆಯುತ್ತಿರುತ್ತೇನೆ.

ನನ್ನ ಬಗ್ಗೆಯೂ ಕೇಳಿದೆಯಂತೆ, ಚೆನ್ನಾಗಿದ್ದಾಳಾ ಎಂದು. ಅಮ್ಮಾವ ಚೆನ್ನಾಗಿದ್ದಾಳೆ ಅಂದರಂತೆ. ಮಾತು ಅಲ್ಲಿಗೇ ನಿಂತಿತಂತೆ.

ವಾಪಸು ಬಂದ ಅಮ್ಮಾವ ಸೋತಿಲ್ಲ ಎಂಬುದನ್ನು ತಿಳಿಸಿಬಿಡುತ್ತೇನೆ. ವಾಯನಶಾಲೆಯ ಸಭೆಯಲ್ಲಿ ಹೊಸ ಸಿದ್ಧಾಂತ ಮಂಡಿಸಿದ್ದಾರೆ: ರಾಜನಿಗೆ ಎರಡು ಮನೆ. ಪರ್ವತದ ಆಚೆ ಅವನದು, ಈಚೆ ಹೆಂಡತಿಯದು. "ಹಿಂದೆ ನಮ್ಮಲ್ಲಿ ಗಂಡ ಹೆಂಡತಿ ಮನೆಗೆ ಬಂದು ಹೋಗೋದೇ ಅಲ್ವಾ ರೂಢಿ? ರಾಜ ಆದ್ರೇನು, ಅವನಿಗೂ ಅತ್ತೆ ಮನೆ ಇರಲ್ವಾ?" ಪೌಲೋಸ್ ಮಾಸ್ತರರು ಬಿಡಲಿಲ್ಲ. "ಹೋದ್ಸಲ ರಾಜಧಾನಿ ಕೊಟ್ಟು ಕಳಿಸಿದ್ರಿ. ಈ ಸಲ ಏನ್ ಕೊಡ್ತೀರಿ, ಕಡಲಾ?" ಎಂದರು. ಅಮ್ಮಾವ ಹೇಳಿದರು, "ಈ ಸಲ ಕೊಡೋದಿಲ್ಲ. ವಾಪಸ್ ತಗೊಂಡು ಬಾ ಅಂತ ಕರೀತಿದೀನಿ." ರಾಜಧಾನಿಯನ್ನೋ, ಮತ್ತೊಂದನ್ನೋ ಎಂದು ಯಾರೂ ಕೇಳಲಿಲ್ಲ. ನಾನು ಆ ಹೊತ್ತಿಗೆ ಪುಸ್ತಕದ ಕಪಾಟಿನ ಕಡೆ ತಿರುಗಿದ್ದೆ.

ಎರಡು ರಾಜಧಾನಿ ಎಂದು ಹೇಳುವ ವಿದ್ವಾಂಸರೂ ಇದ್ದಾರೆಂದು ನೀನೇ ಹೇಳಿದ್ದೆ, ಒಪ್ಪದೆ. ಇತಿಹಾಸವಾಗಿ ಅದು ನಿಲ್ಲುತ್ತದೆಯೇ, ನನಗೆ ಗೊತ್ತಿಲ್ಲ. ಬದುಕಾಗಿ ನಾನು ಅದನ್ನು ಆರು ವರ್ಷ ಬಾಳಿ ನೋಡಿದ್ದೇನೆ. ಎರಡು ಮನೆಯಲ್ಲೂ ಒಂದೇ ಅಕ್ಕಿ ಬೇಯುವುದಾದರೆ ಒಂದು ಒಲೆ ಸಾಕಲ್ಲವೇ? ಯಾವ ಊರಿನ ಒಲೆ ಎಂಬುದನ್ನು ಕೂತು ಮಾತಾಡಬಹುದು. ಅಮ್ಮ ನನ್ನ ಜೊತೆ ಇರಲೇಬೇಕು, ಅದೊಂದು ಬಿಟ್ಟು ನನ್ನ ಕಡೆಯಿಂದ ಬೇರೆ ಷರತ್ತು ಇಲ್ಲ. ನಿಮ್ಮೂರಲ್ಲೂ ಇಂಗ್ಲಿಷ್ ಕಲಿಸುವ ಶಾಲೆಗಳಿವೆ.

ಭಾಷಣದ ಬಗ್ಗೆ ಅಮ್ಮಾವ ಎರಡು ಮಾತು ಕೊಟ್ಟಿದ್ದಾರೆ. ಪರಿಚಯ ಮಾಡುವಾಗ ನಿನ್ನ ಹೆಸರು ಮತ್ತು ಊರು ಮಾತ್ರ ಹೇಳುತ್ತಾರೆ. ನೀನು ಏನು ಹೇಳಿದರೂ ಎದ್ದು ಹೋಗುವುದಿಲ್ಲ. ಬದಲಿಗೆ ನೀನು 'ನನಗೆ ತೋರುವಂತೆ' ಎಂದು ಶುರುಮಾಡಬೇಕಂತೆ. ವಂಜಿ ಕರೂರೇ ಎಂದು ತೋರಿದರೆ ಹಾಗೆಯೇ ಹೇಳು. ನಿನ್ನ ಸತ್ಯವನ್ನು ನನಗಾಗಿ ಬದಲಿಸಬೇಡ. ಬದಲಿಸಿದವನ ಜೊತೆ ಬಾಳುವುದು ನನಗೂ ಕಷ್ಟ.

ಬರುವುದಾದರೆ ಶನಿವಾರವೇ ಬಾ. ಬರುವುದಿಲ್ಲವಾದರೆ ಅಮ್ಮಾವನಿಗಲ್ಲ, ನನಗೆ ತಿಳಿಸು.

ನಿನ್ನ
ನಳಿನಿ

ಮತ್ತೊಂದು ಮಾತು, ಮೇಲೆ ಮುಚ್ಚಿಟ್ಟು ಬರೆದದ್ದು: ಅಮ್ಮಾವ ಕರೂರಿಗೆ ಒಬ್ಬರೇ ಬಂದಿರಲಿಲ್ಲ. ಶಾಲೆಯಲ್ಲಿ ತರಬೇತಿ ಶಿಬಿರ ಎಂದು ಅಮ್ಮನಿಗೆ ಹೇಳಿ ನಾನೂ ಹೊರಟಿದ್ದೆ. ಅವರು ನಿನ್ನ ಮನೆಗೆ ಆಟೋ ಹತ್ತಿದರು, ನಾನು ಬಸ್ ನಿಲ್ದಾಣದಲ್ಲಿ ಉಳಿದೆ. ನೀನಾಗಿ ನನ್ನನ್ನು ನೋಡಬೇಕು ಎಂದರೆ ಮಾತ್ರ ಫೋನ್ ಮಾಡುವುದು, ಇಲ್ಲವಾದರೆ ನಾನು ಬಂದ ಸುದ್ದಿ ಎತ್ತುವುದು ಬೇಡ ಎಂದು ಆಣೆ ಹಾಕಿಸಿದ್ದೆ. ಅವರು ಆಣೆ ಮುರಿಯಲಿಲ್ಲ. ಬೆಂಚಿನಲ್ಲಿ ನನ್ನ ಪಕ್ಕ ಸೀಬೆಹಣ್ಣು ಮಾರುವವಳು ಕೂತಿದ್ದಳು. ಮಧ್ಯಾಹ್ನ ದಾಟಿದ ಮೇಲೆ ತಡೆಯಲಾರದೆ, "ಎಷ್ಟೊತ್ತಿಂದ ಕೂತಿದೀಯ ಅಮ್ಮಣಿ, ಯಾರು ಬರ್ಬೇಕು?" ಎಂದು ಕೇಳಿದಳು. ಮನೆಯವರು ಅಂದೆ. ಅವಳು ಬುಟ್ಟಿಯನ್ನು ಕೆಳಗಿಳಿಸಿ ನಿನಗೆ ಜಾಗ ಮಾಡಿದಳು, ಅಮ್ಮಾವ ಬರುವವರೆಗೂ ಅಲ್ಲಿ ಯಾರನ್ನೂ ಕೂರಲು ಬಿಡಲಿಲ್ಲ.