ಒಡೆಯದ ಕ್ಯೂಬುಗಳು

ಡಿಸೆಂಬರ್ 9, ಸೋಮವಾರ

ಕಂಬಗಳ ಡ್ರಾಯಿಂಗ್ ತಿದ್ದುತ್ತಿದ್ದೆ. ಬಾಸ್ ಕರೆದರು. ವರ್ಷದ ಕೊನೆಯ ಪತ್ರ ಈ ಸಲವೂ ನಾನೇ ಬರೆಯಬೇಕಂತೆ. ಕ್ಲೈಂಟುಗಳಿಗೆಲ್ಲ ಧನ್ಯವಾದ, ಜೊತೆಗೆ ಜನವರಿ ಒಂದರಿಂದ ಜಾರಿಗೆ ಬರುವ ಹೊಸ ಬಿಲ್ಡಿಂಗ್ ಕೋಡ್ ಬಗ್ಗೆ ನಾಲ್ಕು ಮಾತು. ಇಷ್ಟು ಜನ ಎಂಜಿನಿಯರುಗಳಲ್ಲಿ ಭಾಷೆ ಬರುವುದು ನನಗೊಬ್ಬಳಿಗೇ ಅಂತೆ. ಹೊಗಳಿಕೆ ಅಲ್ಲ, ಬಿಟ್ಟಿ ಚಾಕರಿ.

ಬರೆದೆ. "ಹೊಸ ಕೋಡನ್ನು ನಮ್ಮ ಸಂಸ್ಥೆ ತುಂಬು ಮನಸ್ಸಿನಿಂದ ಸ್ವಾಗತಿಸುತ್ತದೆ." ಸ್ವಾಗತದ ವೈಖರಿ ನೋಡಬೇಕು! ಪಕ್ಕದ ಕೋಣೆಯಲ್ಲಿ ಎಲ್ಲರೂ ಊಟ ಬಿಟ್ಟು ಅರ್ಧಂಬರ್ಧ ಪ್ಲಾನುಗಳಿಗೆ ಪ್ರಿಂಟ್ ಹೊಡೆಯುತ್ತಿದ್ದಾರೆ. ವರ್ಷ ಮುಗಿಯುವುದರೊಳಗೆ ಸಲ್ಲಿಸಿಬಿಟ್ಟರೆ ಹಳೇ ಕೋಡೇ ಸಾಕು. ಕಂಬಕ್ಕೆ ಕಬ್ಬಿಣ ಕಡಿಮೆ, ತಪಾಸಣೆ ಕಡಿಮೆ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ. ಪುರಾಣ ಬರೆಯುವ ಕೆಲಸ ನನ್ನದು. ಮುಗಿಸಿ ಎದ್ದು ಕೈ ತೊಳೆದುಕೊಂಡೆ. ಯಾಕೋ ಗೊತ್ತಿಲ್ಲ, ಇಂಕೇನೂ ಅಂಟಿರಲಿಲ್ಲ.

ಸಂಜೆ ಅಕ್ಕನ ಫೋನ್. ಹೊಸ ನರ್ಸಿಂಗ್ ಹೋಮಿಗೆ ಅವಳೇ ಮೇಟ್ರನ್. ಒಂದನೇ ತಾರೀಖು ಓಪನಿಂಗ್. ಮೇಲಿನ ಮಹಡಿಯಲ್ಲಿ ಅವಳಿಗೊಂದು ರೂಮು ಬೇರೆ. ಪರದೆಯ ಬಟ್ಟೆ ಆರಿಸಿದ್ದಾಳೆ, ನೀಲಿ. ಆ ಕಟ್ಟಡದ ಡಿಸೈನ್ ನನ್ನದು, ಕಟ್ಟಡ ಗಟ್ಟಿಯಿದೆ ಎಂಬ ಸರ್ಟಿಫಿಕೇಟಿನ ಮೇಲಿನ ಸಹಿಯೂ ನನ್ನದು. "ನೀನು ನಿಲ್ಲಿಸಿದ ಮನೆಗೆ ನಾನು ಯಜಮಾನಿ ಕಣೇ" ಅಂದಳು. ಅವಳು ಹೀಗೆ ನಕ್ಕಿದ್ದು ಕೇಳಿ ಎಷ್ಟು ಕಾಲವಾಗಿತ್ತೋ.

ಡಿಸೆಂಬರ್ 12, ಗುರುವಾರ

ಪತ್ರದ ಜೊತೆ ಗಿಫ್ಟು. ಬಾಸ್ ತಲೆಗೆ ಹೊಳೆದದ್ದು— ಕಾಂಕ್ರೀಟಿನ ಟೆಸ್ಟ್ ಕ್ಯೂಬಿಗೆ ಚಿನ್ನದ ಬಣ್ಣ ಹೊಡೆದು ಪ್ರತಿಯೊಬ್ಬ ಕ್ಲೈಂಟಿಗೂ ಒಂದೊಂದು. "ನಿಮ್ಮದೇ ಕಟ್ಟಡದ ಒಂದು ತುಂಡು, ನಿಮ್ಮ ಮೇಜಿನ ಮೇಲೆ." ತೂಕ ಎಂಟು ಕಿಲೋ. ಮೇಜು ಗಟ್ಟಿಯಿದ್ದವರಿಗೆ ಮಾತ್ರ ಕೃತಜ್ಞತೆ!

ಸೈಟಿನಲ್ಲಿ ಕಾಂಕ್ರೀಟ್ ಹಾಕುವಾಗಲೇ ಒಂದಷ್ಟನ್ನು ಅಚ್ಚಿಗೆ ತುಂಬಿ ಕ್ಯೂಬು ಮಾಡುತ್ತಾರೆ. ಹಸಿಯಿದ್ದಾಗಲೇ ನಂಬರು ಗೀಚಿ, ನೀರಲ್ಲಿಟ್ಟು, ಆಮೇಲೆ ಲ್ಯಾಬಿನ ಮೆಷಿನ್ನಿನಲ್ಲಿ ಒತ್ತಿ ಒಡೆಯುತ್ತಾರೆ. ಎಷ್ಟು ಒತ್ತಿದಾಗ ಒಡೆಯಿತೋ ಅಷ್ಟು ಗಟ್ಟಿ ಆ ಕಂಬ. ಟೆಸ್ಟ್ ಆದ ಕ್ಯೂಬು ಇಡಿಯಾಗಿ ಉಳಿಯುವುದಿಲ್ಲ ಸಾರ್ ಅಂದೆ. ಲ್ಯಾಬಿನವನನ್ನು ಕೇಳಿ, ಹೆಚ್ಚುವರಿ ಇರುತ್ತವೆ ಅಂದರು. ಕೇಳಿದೆ. ಬೇಕಾದಷ್ಟಿವೆ ಮೇಡಂ ಅಂದ, ಬಲು ಉತ್ಸಾಹದಿಂದ.

ಡಿಸೆಂಬರ್ 16, ಸೋಮವಾರ

ಕ್ಯೂಬು ಬಂದವು. ಪಾರ್ಕಿಂಗಿನಲ್ಲಿ ಪೇಪರ್ ಹಾಸಿ ಸ್ಪ್ರೇ ಹೊಡೆಯುತ್ತಿದ್ದರು. ಯಾವುದು ಯಾರ ಕಟ್ಟಡದ್ದು ಎಂದು ಬೇರೆ ಮಾಡಲು ಕೂತೆ. ನರ್ಸಿಂಗ್ ಹೋಮಿನವು ಆರು. ಎರಡನೇ ಮಹಡಿಯ ಕಂಬಗಳವು. ಹೆಚ್ಚುವರಿ ಇರಬೇಕು ಅಂದುಕೊಂಡೇ ಫೈಲು ತೆಗೆಸಿದೆ.

ಹೆಚ್ಚುವರಿ ಅಲ್ಲ. ಅವೇ ನಂಬರುಗಳು. ರಿಪೋರ್ಟಿನ ಪ್ರಕಾರ ಈ ಆರೂ ಜೂನ್‌ನಲ್ಲೇ ಒಡೆದು ಪುಡಿಯಾಗಿವೆ. ಒಡೆದ ಒತ್ತಡ ಮೂವತ್ತು, ಮೂವತ್ತೊಂದು— ಒಳ್ಳೊಳ್ಳೆಯ ಅಂಕಿಗಳು. ಅದನ್ನು ನಂಬಿಯೇ ನಾನು ಸಹಿ ಮಾಡಿದ್ದು. ಸತ್ತ ಅಂತ ತಿಥಿಯೂಟ ಉಂಡು ಬಂದವರ ಎದುರಿಗೆ ಆ ಮನುಷ್ಯನೇ ಬಂದು ಕೂತ ಹಾಗೆ ಕೂತಿದ್ದವು. ಚಿನ್ನದ ಬಣ್ಣ ಬೇರೆ.

ಎರಡನ್ನು ನನ್ನ ಗಾಡಿಗೆ ಹಾಕಿಸಿಕೊಂಡೆ.

ಡಿಸೆಂಬರ್ 17, ಮಂಗಳವಾರ

ಲ್ಯಾಬಿಗೆ ಹೋದೆ. ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ, ಜೂನಲ್ಲಿ ಮೆಷಿನ್ ಕೆಟ್ಟಿತ್ತು ಮೇಡಂ ಅಂದ ಲ್ಯಾಬಿನವನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. ಜೂನ್ ಅಂತ ನಾನೆಲ್ಲಿ ಹೇಳಿದ್ದೆ? ಮೆಷಿನ್ನಿನ ಮೇಲೆ ಧೂಳು, ಧೂಳಿನ ಮೇಲೆ ಅವನ ಟಿಫನ್ ಡಬ್ಬಿ. ನಿಮ್ಮ ಸೈಟುಗಳದ್ದು ಯಾವಾಗಲೂ ಪಾಸೇ ಅಲ್ಲವಾ, ಸುಮ್ಮನೆ ಯಾಕೆ ಒಡೆಯೋದು ಅಂತ... ಟೀ ತರಿಸಲಾ ಅಂದ. ಕುಡಿಯಲಿಲ್ಲ.

ಡಿಸೆಂಬರ್ 18, ಬುಧವಾರ

ನಾನು ಓದಿದ ಕಾಲೇಜಿನ ಲ್ಯಾಬಿನಲ್ಲಿ ಎರಡನ್ನೂ ಒಡೆಸಿದೆ. ಒತ್ತಡ ಇಪ್ಪತ್ತೈದರವರೆಗೆ ತಡೆಯಬೇಕಿತ್ತು. ಹನ್ನೊಂದಕ್ಕೇ ಹೋಯಿತು. ಇನ್ನೊಂದು ಅದಕ್ಕಿಂತ ಕಡೆ. ಸದ್ದು ಕೂಡ ಸರಿಯಾಗಿ ಬರಲಿಲ್ಲ. ಒಳಗಿನದನ್ನು ಹೆಬ್ಬೆರಳಲ್ಲಿ ಉಜ್ಜಿದರೆ ಉದುರುತ್ತದೆ. ಕಾಂಕ್ರೀಟ್ ದಿನ ಕಳೆದಷ್ಟೂ ಗಟ್ಟಿಯಾಗಬೇಕು; ಇಷ್ಟು ತಿಂಗಳಾದ ಮೇಲೂ ಈ ಯೋಗ್ಯತೆ.

ಅದರ ಮೇಲೆ ಎರಡು ಮಹಡಿ, ನೀರಿನ ಟ್ಯಾಂಕು, ಅಕ್ಕನ ರೂಮು.

ಡಿಸೆಂಬರ್ 19, ಗುರುವಾರ

ಬಾಸ್ ರಿಪೋರ್ಟ್ ನೋಡಿದರು. ಬೆಚ್ಚಲಿಲ್ಲ. ಅದೇ ನನಗೆ ಅಸಹ್ಯವಾಗಿದ್ದು. ಕನ್ನಡಕ ತೆಗೆದು ಒರೆಸಿಕೊಂಡು, "ಕಟ್ಟಡ ನಿಂತಿದೆ ತಾನೇ ಅಮ್ಮಾ?" ಅಂದರು. ನರ್ಸಿಂಗ್ ಹೋಮಿನ ಡಾಕ್ಟರಿಗೆ ಬೇರೆ ಯಾವುದಾದರೂ ಕಟ್ಟಡದ ಕ್ಯೂಬು ಪ್ಯಾಕ್ ಮಾಡಿಸಿ, ನಂಬರು ಬಣ್ಣದಲ್ಲಿ ಮುಚ್ಚಿಹೋಗುತ್ತೆ ಅಂದರು.

ಮಧ್ಯಾಹ್ನ ನಾನೇ ಡಾಕ್ಟರ ಹತ್ತಿರ ಹೋದೆ. ಆಸ್ಪತ್ರೆಯ ಯಜಮಾನರು, ಇವರಿಗಾದರೂ ಪ್ರಾಣದ ಬೆಲೆ ಗೊತ್ತಿರುತ್ತದೆ ಅಂದುಕೊಂಡೆ. ಪೂರ್ತಿ ಕೇಳಿದರು. ಓಪನಿಂಗ್ ಕಾರ್ಡು ಹಂಚಿ ಆಗಿದೆ, ಕಂಬಗಳಿಗೆ ಏನು ಮಾಡಬೇಕೋ ಬೇಸಿಗೆಯಲ್ಲಿ ಮಾಡೋಣ, ಪೇಷಂಟ್ ಕಡಿಮೆ ಇರುತ್ತಾರೆ ಅಂದರು. ಬರುವಾಗ ಹೊಸ ವರ್ಷದ ಕ್ಯಾಲೆಂಡರ್ ಕೊಟ್ಟು ಕಳಿಸಿದರು. ಬಾಗಿಲಾಚೆಯ ಕಸದ ಬುಟ್ಟಿಗೆ ಹಾಕಿದೆ.

ಡಿಸೆಂಬರ್ 26, ಗುರುವಾರ

ಒಂದು ವಾರ ಏನೂ ಬರೆಯಲಿಲ್ಲ. ಏನೂ ಮಾಡಲೂ ಇಲ್ಲ. ಸರ್ಟಿಫಿಕೇಟ್ ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಪತ್ರ ಬರೆಯುವುದು, ಹರಿಯುವುದು. ಬರೆದರೆ ಅಕ್ಕನ ಕೆಲಸ ಹೋಗುತ್ತದೆ. ಬರೆಯದಿದ್ದರೆ... ಅತ್ತ ದರಿ, ಇತ್ತ ಪುಲಿ. ನನ್ನ ಮೇಲೇ ನನಗೆ ಹೇಸಿಗೆ ಬಂತು.

ಇವತ್ತು ಅಕ್ಕನಿಗೆ ಹೇಳಿಬಿಟ್ಟೆ. ಪರದೆಗೆ ಅಂಚು ಹೊಲಿಯುತ್ತಿದ್ದಳು. ಮೆಷಿನ್ ನಿಲ್ಲಿಸಲಿಲ್ಲ. ಕೊನೆಯವರೆಗೂ ಹೊಲಿದು ದಾರ ಕಡಿದಳು.

"ಇಷ್ಟು ವರ್ಷ ನಿಂತೇ ದುಡಿದಿದ್ದೀನಿ. ಈಗೊಂದು ಕುರ್ಚಿ ಸಿಕ್ತು. ಅದರ ಕಾಲು ಮುರಿಯೋಕೆ ನೀನೇ ಬಂದ್ಯಲ್ಲೇ."

ಸಹಿ ಹಾಕೋವಾಗ ನಿನ್ನ ಕಣ್ಣೆಲ್ಲಿತ್ತು ಅಂತಲೂ ಕೇಳಿದಳು. ಬಾಗಿಲವರೆಗೂ ಬಂದು ಕಳಿಸಿಕೊಡುವವಳು, ಇವತ್ತು ಕೂತಲ್ಲಿಂದ ಏಳಲಿಲ್ಲ.

ಡಿಸೆಂಬರ್ 31, ಮಂಗಳವಾರ

ಸರ್ಟಿಫಿಕೇಟ್ ವಾಪಸಾತಿಯ ಪತ್ರ ಹಿಡಿದು ಪ್ಲಾನು ಮಂಜೂರು ಮಾಡುವ ಆಫೀಸಿಗೆ ಹೋದೆ. ಉದ್ದ ಕ್ಯೂ. ಎಲ್ಲರ ಕೈಯಲ್ಲೂ ಅರ್ಧಂಬರ್ಧ ಪ್ಲಾನು, ಹಳೇ ಕೋಡಿನ ಕೊನೆಯ ಬಸ್ಸು ಹಿಡಿಯುವವರು. ನಮ್ಮ ಆಫೀಸಿನವರೂ ಇದ್ದರು. ಮುಖ ಆಚೆ ತಿರುಗಿಸಿಕೊಂಡರು.

ಗುಮಾಸ್ತ ಪತ್ರವನ್ನು ಎರಡು ಸಲ ಓದಿದ. ಕೊಡೋರನ್ನ ನೋಡಿದ್ದೀನಿ, ವಾಪಸ್ ಕೇಳೋರನ್ನ ನೋಡಿಲ್ಲ ಅಂದ. ಹಳೇ ಕೋಡಿನ ಪ್ರಕಾರ ವಾಪಸಾತಿಗೆ ಅವಕಾಶವಿಲ್ಲವಂತೆ. ಹೊಸದರಲ್ಲಿ ಇದೆಯಂತೆ, ಅದು ನಾಳೆಯಿಂದ. ನಾಳೆ ರಜ. ಜನ ಒಳಗಿದ್ದಾಗ ಕಂಬ ಕುಸಿದರೆ ಅದು ಯಾವ ಕೋಡಿನಲ್ಲಿ ಬರುತ್ತದೆ ಅಂತ ಕೇಳಿದೆ. ಹಿಂದಿನವರು ಬೇಗ ಬೇಗ ಅಂದರು. ಜಗಳವಾಡಿ ಸೀಲು ಹಾಕಿಸಿಕೊಂಡೆ. ಅಷ್ಟೇ ಆದದ್ದು. ಪತ್ರ ಟ್ರೇ ಸೇರಿತು.

ಸಂಜೆ ಆಫೀಸಿನಲ್ಲಿ ಪಾರ್ಟಿ. ಚಿನ್ನದ ಕ್ಯೂಬುಗಳಿಗೆಲ್ಲ ರಿಬ್ಬನ್. ನಾನು ಬರೆದದ್ದನ್ನು ಬಾಸ್ ಎದ್ದು ನಿಂತು ಓದಿದರು. "ನಿಮ್ಮ ನಂಬಿಕೆಯೇ ನಮ್ಮ ಅಡಿಪಾಯ." ಚಪ್ಪಾಳೆ. ನನ್ನದೇ ಮಾತು, ಉಗಿದದ್ದನ್ನು ತಟ್ಟೆಯಲ್ಲಿಟ್ಟು ತಂದುಕೊಟ್ಟ ಹಾಗಿತ್ತು. ವಾಪಸಾತಿ ಪತ್ರದ ನಕಲನ್ನು ಅವರ ಮೇಜಿನ ಮೇಲಿಟ್ಟು ಬಂದೆ. ಕೇಕು ತಿನ್ನಲಿಲ್ಲ.

ಜನವರಿ 1, ಬುಧವಾರ, ಬೆಳಿಗ್ಗೆ

ಅಕ್ಕನ ಫೋನ್. ಆವತ್ತಿನಿಂದ ಮಾತಿರಲಿಲ್ಲ. ದನಿ ತಗ್ಗಿಸಿ ಮಾತಾಡಿದಳು. ಓಪನಿಂಗ್ ಹತ್ತಕ್ಕೆ, ಆದರೆ ನಸುಕಿನಲ್ಲೇ ನೋವು ಕಾಣಿಸಿಕೊಂಡ ಒಬ್ಬ ಹೆಂಗಸನ್ನು ಕರೆತಂದಿದ್ದಾರೆ. ಎರಡನೇ ಮಹಡಿಯಲ್ಲಿ ಮಲಗಿಸಿದ್ದಾರೆ. ಡಾಕ್ಟರು ಹೂವಿನ ಅಲಂಕಾರ ನೋಡುತ್ತಿದ್ದಾರೆ.

"ಒಂದೇ ಮಾತಲ್ಲಿ ಹೇಳು. ಆ ಮಂಚದ ಮೇಲೆ ನನ್ನ ಮಲಗಿಸ್ತಿದ್ಯಾ ನೀನು?"

"ಇಲ್ಲ ಅಕ್ಕಾ."

ಹಿಂದೆ ಯಾರೋ ನರಳುತ್ತಿದ್ದದ್ದು ಕೇಳಿಸಿತು.

"ಹಾಗಾದ್ರೆ ಬಾ. ಹಳೇ ಆಸ್ಪತ್ರೇಲಿ ಬೆಡ್ ಇದೆ, ಮಾತಾಡಿದ್ದೀನಿ. ಲಿಫ್ಟಿಗೆ ಇನ್ನೂ ಕರೆಂಟ್ ಕೊಟ್ಟಿಲ್ಲ. ಸ್ಟ್ರೆಚರ್ ಹಿಡಿದು ಮೆಟ್ಟಿಲಿಳಿಸೋಕೆ ನನ್ನೊಬ್ಬಳಿಂದ ಆಗಲ್ಲ."

ನನ್ನ ಗಂಡ ಏನೂ ಕೇಳದೆ ಗಾಡಿ ತೆಗೆಯುತ್ತಿದ್ದಾರೆ. ಬಾಸ್ ಫೋನ್ ಬರುತ್ತಿದೆ. ನಕಲು ಓದಿರಬೇಕು. ಬಡಿದುಕೊಳ್ಳಲಿ. ಮೊದಲು ಆ ಹೆಂಗಸು, ಆಮೇಲೆ— ಹಾರ್ನ್ ಹೊಡೆಯುತ್ತಿದ್ದಾರೆ, ಹೊರಟೆ.