‘ಸಾಕು’ ಎಂಬ ಸುದ್ದಿ

ನನ್ನ ಹೊಟ್ಟೆಯೊಳಗಿನ ಪುಟ್ಟ ಜೀವವೇ,

ಈ ವಾರ ನನ್ನನ್ನು ಬಸ್ಸಿನ ಡ್ರೈವರ್ ಸೀಟಿನಿಂದ ಇಳಿಸಿಬಿಟ್ಟರು. ನಿನಗೂ ಸ್ಟೀರಿಂಗಿಗೂ ನಡುವೆ ಗೇಣು ಜಾಗವೂ ಉಳಿದಿಲ್ಲವಂತೆ. ಈಗ ಡಿಪೋದ ಕಿಟಕಿ ಪಕ್ಕ ಕೂತು, ಯಾವ ಬಸ್ಸು ಯಾವಾಗ ಹೊರಟಿತು ಎಂದು ಬರೆಯುವ ಕೆಲಸ. ಬಂದವರೆಲ್ಲ ನಿನ್ನ ಕಡೆ ನೋಡಿ ಅದೇ ಮಾತು ಎತ್ತುತ್ತಾರೆ: ‘ಮೊದಲನೆಯದರ ಪಾಡು ನೋಡಿದ ಮೇಲೂ ಇನ್ನೊಂದು ಬೇಕಿತ್ತಾ?’ ಅವರಿಗೆ ಹೇಳಿ ಹೇಳಿ ನನ್ನ ಬಾಯಿ ಸವೆದಿದೆ. ನಿನಗೇ ಹೇಳುತ್ತೇನೆ. ಬೇಕಿತ್ತು. ಬೇಕೆಂದೇ ನಿನ್ನನ್ನು ಕರೆದದ್ದು.

ನಿನ್ನ ಅಕ್ಕ ಹುಟ್ಟಿದಾಗ ಎಲ್ಲ ಮಕ್ಕಳ ಹಾಗೇ ಇದ್ದಳು. ಕೆಲವೇ ತಿಂಗಳಲ್ಲಿ ಊದತೊಡಗಿದಳು. ನಡೆಯಲು ಕಲಿತ ಮೇಲೆ ತೊಡೆಗೆ ತೊಡೆ ಉಜ್ಜಿ ಗಾಯವಾಗುತ್ತಿತ್ತು. ಉಂಡ ಕೈ ಒಣಗುವ ಮುಂಚೆ ಮತ್ತೆ ಹಸಿವೆಂದು ಅಳು. ಅದು ಹಠದ ಅಳುವಲ್ಲ, ದಿಕ್ಕು ತೋಚದ ಅಳು. ಹಸಿ ಹಿಟ್ಟು ಮುಕ್ಕಿದಳು, ಕಸದ ಬುಟ್ಟಿಯಿಂದ ಹಣ್ಣಿನ ಸಿಪ್ಪೆ ಹೆಕ್ಕಿದಳು. ಅಡುಗೆಮನೆಗೆ ಬೀಗ ಹಾಕಿದರೆ ಬಾಗಿಲ ಸಂದಿಗೆ ಮೂಗಿಟ್ಟು ಮಲಗುತ್ತಿದ್ದಳು. ಮೇಲಿಂದ ಮೇಲೆ ಜ್ವರ, ಕಫ, ಆಸ್ಪತ್ರೆ. ಬೀದಿಯವರು ಅವಳಿಗೆ ‘ಡ್ರಮ್ಮು’ ಎಂದು ಹೆಸರಿಟ್ಟರು. ನಿನ್ನ ಅಜ್ಜಿ, ಅಂದರೆ ನಿನ್ನ ಅಪ್ಪನ ಅಮ್ಮ, ‘ಊರೋರ್ನೆಲ್ಲ ಬಸ್ಸಲ್ಲಿ ತಿರುಗಿಸೋ ಬದಲು ಮಗೂ ಬಾಯಿ ಕಾಯ್ಬೇಕಿತ್ತು’ ಅಂದರು. ಒಬ್ಬ ಡಾಕ್ಟರು ತಲೆ ಎತ್ತದೆಯೇ, ‘ಕಡಿಮೆ ತಿನ್ನಿಸಮ್ಮ, ಅದೇ ಔಷಧಿ’ ಅಂದರು. ‘ಒಂದಿನ ನಿಮ್ಮನೇಲಿ ಇಟ್ಕೊಂಡು ನೋಡಿ ಡಾಕ್ಟ್ರೇ’ ಅಂತ ನಾನೂ ಅಂದೆ. ಜಗಳಗಂಟಿ ಎಂಬ ಬಿರುದು ಸಿಕ್ಕಿತು. ಇಟ್ಟುಕೊಂಡಿದ್ದೇನೆ, ಬಿಡು.

ಐದನೇ ವರ್ಷದಲ್ಲಿ ದೊಡ್ಡ ಆಸ್ಪತ್ರೆಯ ಒಬ್ಬ ಡಾಕ್ಟರಮ್ಮ ನನ್ನನ್ನು ಬೈಯುವ ಬದಲು ಪ್ರಶ್ನೆ ಕೇಳಿದರು. ಹುಟ್ಟಿದಾಗ ಎಷ್ಟು ತೂಕ? ಹೊಟ್ಟೆ ತುಂಬಿತೆಂದು ಯಾವತ್ತಾದರೂ ತಟ್ಟೆ ದೂಡಿದ್ದಾಳಾ? ಇಲ್ಲವೆಂದೆ. ರಕ್ತ ತೆಗೆದು ದೂರದ ಲ್ಯಾಬಿಗೆ ಕಳಿಸಿದರು. ಫಲಿತಾಂಶ ಬಂದ ದಿನ ನಿನ್ನ ಅಪ್ಪನನ್ನೂ ಕೂರಿಸಿ ವಿವರಿಸಿದರು.

ಕೊಬ್ಬು ಎಂದರೆ ಮೈಮೇಲೆ ಹೇರಿಕೊಂಡ ಮೂಟೆಯಲ್ಲವಂತೆ. ಅದೂ ಹಾರ್ಮೋನುಗಳನ್ನು ಸುರಿಸುವ ಅಂಗ. ಅದರ ಒಂದು ಹಾರ್ಮೋನು ಸಕ್ಕರೆಯನ್ನು ಮೈಗೆ ಒಗ್ಗಿಸುತ್ತದೆ, ಒಳಗಿನ ಉರಿಯೂತ ತಣಿಸುತ್ತದೆ. ಬೊಜ್ಜು ಅತಿಯಾದರೆ ಅದೇ ಕಡಿಮೆಯಾಗಿ, ಉರಿ ಎಬ್ಬಿಸುವಂಥವು ಮೇಲುಗೈ ಪಡೆಯುತ್ತವೆ. ಲೆಪ್ಟಿನ್ ಎಂಬ ಇನ್ನೊಂದು, ‘ಕೂಡಿಟ್ಟದ್ದು ಬೇಕಾದಷ್ಟಿದೆ’ ಎಂದು ಮಿದುಳಿಗೆ ತಿಳಿಸುತ್ತದೆ. ರೋಗದ ಜೊತೆ ಸೆಣಸಲೂ ಮೈಗೆ ಅದು ಬೇಕು. ನಿನ್ನ ಅಕ್ಕನ ರಕ್ತದಲ್ಲಿ ಲೆಪ್ಟಿನ್ ಇರಲೇ ಇಲ್ಲ. ಮೈತುಂಬ ಕೊಬ್ಬಿದ್ದರೂ ಅವಳ ಮಿದುಳಿಗೆ ಅವಳು ಉಪವಾಸದ ಮಗು. ‘ತಪ್ಪು ನಿಮ್ಮ ಅಡುಗೆಮನೇದಲ್ಲ ಕಣಮ್ಮ’ ಅಂದರು ಡಾಕ್ಟರಮ್ಮ. ನಿನ್ನ ಅಪ್ಪ ಮುಖ ಮುಚ್ಚಿಕೊಂಡು ಅತ್ತರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಹಸಿದ ಮಗುವನ್ನು ಹೊಟ್ಟೆಬಾಕಿ ಎಂದು ಬೈದ ಒಬ್ಬೊಬ್ಬರ ಮನೆ ಬಾಗಿಲೂ ತಟ್ಟಬೇಕೆನ್ನಿಸಿತು.

ಲೆಪ್ಟಿನ್ ಇಂಜೆಕ್ಷನ್ ಶುರುವಾಯಿತು, ದಿನಕ್ಕೊಂದು. ಒಂದು ಮಧ್ಯಾಹ್ನ ಊಟಕ್ಕೆ ಕೂತವಳು ಅರ್ಧದಲ್ಲೇ ಕೈ ತಡೆದಳು. ಒಳಗೆ ಏನೋ ಕೇಳಿಸಿದವಳ ಹಾಗೆ ತಟ್ಟೆಯನ್ನೇ ನೋಡುತ್ತಿದ್ದಳು. ಆಮೇಲೆ, ‘ಅಮ್ಮಾ, ಸಾಕು’ ಅಂದಳು. ನನಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ನಮ್ಮ ಮನೆಯಲ್ಲಿ ಮಿಕ್ಕಿದ್ದನ್ನು ಎತ್ತಿಡಲು ಒಂದು ಡಬ್ಬಿಯೂ ಇರಲಿಲ್ಲ, ಮಿಕ್ಕಿದ್ದೇ ಇಲ್ಲವಲ್ಲ. ತಟ್ಟೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ.

ಈಗ ಅವಳಿಗೆ ಒಂಬತ್ತು. ಓಡುತ್ತಾಳೆ, ನನ್ನ ಹಾಗೇ ಜಗಳವಾಡುತ್ತಾಳೆ. ಈ ದೋಷದ ಒಂದೊಂದು ಪಾಲು ನನ್ನಲ್ಲೂ ನಿನ್ನ ಅಪ್ಪನಲ್ಲೂ ಇದೆ. ಎರಡೂ ನಿನಗೇ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಟ್ಟೆಯಲ್ಲಿರುವಾಗಲೇ ಪರೀಕ್ಷೆ ಮಾಡಬಹುದು ಎಂದರು ಡಾಕ್ಟರಮ್ಮ. ಬೇರೆಯವರಿಗೆ ಬೇಕಿರಬಹುದು, ಅದು ಅವರಿಷ್ಟ. ನಾನು ಬೇಡವೆಂದೆ. ಹುಟ್ಟಿದ ಮೇಲೆ ಒಂದು ಹನಿ ರಕ್ತ ಕೊಟ್ಟರಾಯಿತು. ಇದ್ದರೆ ಔಷಧವಿದೆ.

ಇದನ್ನು ಕೇಳಿ ಅಜ್ಜಿ ಮೊನ್ನೆ ಊಟದ ಹೊತ್ತಿಗೆ, ‘ಇದೂ ಅವಳ ಥರಾನೇ ಹುಟ್ಟಿದ್ರೆ ಏನ್ ಗತಿ?’ ಅಂದರು. ನಾನು ಬಾಯಿ ತೆರೆಯುವ ಮೊದಲೇ ನಿನ್ನ ಅಕ್ಕ ಕೇಳಿದಳು: ‘ನಾನು ಹುಟ್ಟಬಾರ್ದಿತ್ತಾ ಅಜ್ಜಿ?’

ದನಿ ಏರಿಸಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು. ಅಜ್ಜಿಯ ತುತ್ತು ಕೈಯಲ್ಲೇ ಉಳಿಯಿತು. ‘ಹಂಗಲ್ಲ ಪುಟ್ಟಿ’ ಅಂದರು. ‘ಮತ್ತೆ ಹೆಂಗೆ?’ ಅಂದಳು ಇವಳು. ಅಜ್ಜಿ ಅವಳ ತಲೆಯನ್ನು ಎದೆಗೊತ್ತಿಕೊಂಡರು. ನಿನ್ನ ವಿಷಯದಲ್ಲಿ ಅವರು ಇನ್ನೂ ಒಪ್ಪಿಲ್ಲ. ಆದರೆ ನಿನ್ನೆಯಿಂದ ಹಳದಿ ಉಣ್ಣೆಯಲ್ಲಿ ಏನೋ ಹೆಣೆಯುತ್ತಿದ್ದಾರೆ. ಯಾರಿಗೆ ಅಂತ ನಾನು ಕೇಳಿಲ್ಲ.

ನೀನು ಸಪೂರವೋ ದಪ್ಪವೋ, ಇಂಜೆಕ್ಷನ್ ಬೇಡದವನೋ ಬೇಕಾದವಳೋ, ಯಾರ ಅಪ್ಪಣೆಗೂ ಕಾಯದೆ ಬಾ. ಕಾಲಿಗೆ ಬಲವಿರಲಿ, ಬಾಯಿಗೆ ಧೈರ್ಯವಿರಲಿ. ನಿನ್ನ ಮೈ ನೋಡಿ ಯಾರಾದರೂ ನಿನ್ನ ಗುಣ ಅಳೆಯಲು ಬಂದರೆ, ಮುಖ ಕೊಟ್ಟು ಮಾತಾಡು. ನೂರು ಕಾಲ ಬಾಳು ಕಂದ.

ನಿನ್ನ ದಾರಿ ಕಾಯುತ್ತಿರುವ,
ಜಗಳಗಂಟಿ ಅಮ್ಮ